ನೋವಿನ ಮಾತ್ರೆ ನುಂಗಿದ ಮೇಲೆ ಮೈಯೊಳಗೆ ಏನಾಗುತ್ತದೆ?



ಗದ್ದೆ ನಾಟಿ ಮುಗಿದು ಅಡಿಕೆ ಸುಲಿಯುವ ಕಾಲ ಬಂತೆಂದರೆ ನಮ್ಮ ಸಂಘಗಳ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಮಾತಿನಷ್ಟೇ ಸೊಂಟನೋವು, ಮಂಡಿನೋವಿನ ಮಾತೂ ನಡೆಯುತ್ತದೆ. "ಅಕ್ಕಾ, ನಿಮ್ ಹತ್ರ ನೋವಿನ ಮಾತ್ರೆ ಇದ್ಯಾ?" ಎಂದು ಒಬ್ಬರು ಕೇಳಿದರೆ ಸಾಕು, ಮೂವರ ಚೀಲದಿಂದ ಮೂರು ಬಣ್ಣದ ಮಾತ್ರೆ ಹೊರಗೆ ಬರುತ್ತದೆ. ಕೊಡುವವರಿಗೂ ಅದರ ಹೆಸರು ಗೊತ್ತಿಲ್ಲ, ತಗೊಳ್ಳುವವರಿಗೂ ಗೊತ್ತಿಲ್ಲ. "ನಂಗೆ ಇದು ಚೆನ್ನಾಗಿ ಹಿಡೀತು" ಎನ್ನುವುದೊಂದೇ ಆಧಾರ.

ನಮ್ಮ ಕಾರ್ಯಕ್ಷೇತ್ರದ ಒಂದು ಸಂಘದ ಸದಸ್ಯೆಯೊಬ್ಬರಿಗೆ ಹೀಗೆಯೇ ಆಯಿತು. ವಯಸ್ಸು ಐವತ್ತೆರಡು. ಎರಡೂ ಮಂಡಿ ನೋವು. ಮೊದಲ ಸಲ ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟ ಮಾತ್ರೆಯ ಖಾಲಿ ಪಟ್ಟಿಯನ್ನೇ ಅಂಗಡಿಗೆ ಒಯ್ದು ತೋರಿಸಿ ನಾಲ್ಕು ತಿಂಗಳು ತಂದು ನುಂಗಿದರು. ಬೆಳಿಗ್ಗೆ ಬರೀ ಕಾಫಿಯ ಜೊತೆ ಒಂದು, ರಾತ್ರಿ ಒಂದು. ಕೆಲಸ ಹೆಚ್ಚಿದ್ದ ದಿನ ಪಕ್ಕದ ಮನೆಯವರು ಕೊಟ್ಟ ಇನ್ನೊಂದು ಮಾತ್ರೆಯೂ ಸೇರುತ್ತಿತ್ತು. ಮಲ ಕಪ್ಪಗೆ ಹೋಗತೊಡಗಿತು. "ಕಬ್ಬಿಣದ ಮಾತ್ರೆ ತಿಂತಿದ್ದೀನಲ್ಲ, ಅದಕ್ಕೇ ಇರ್ಬೇಕು" ಎಂದುಕೊಂಡರು. ತಲೆ ಸುತ್ತಿದಾಗ ನಿಶ್ಶಕ್ತಿ ಎಂದುಕೊಂಡರು. ಒಂದು ದಿನ ಅಡಿಕೆ ಅಂಗಳದಲ್ಲೇ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ನೋಡಿದಾಗ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಹೊಟ್ಟೆಯಲ್ಲಿ ಹುಣ್ಣಾಗಿ ದಿನಾ ಒಳಗೊಳಗೇ ರಕ್ತ ಸೋರುತ್ತಿತ್ತು. ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಸಂಘದಿಂದ ಹದಿನೆಂಟು ಸಾವಿರ ಸಾಲ ಎದ್ದಿತು.

ಈಗ ಅವರು ಹುಷಾರಾಗಿದ್ದಾರೆ. "ನನ್ನ ಹೆಸರು ಹಾಕ್ಬೇಡಿ, ಆದ್ರೆ ವಿಷಯ ಬರೀರಿ. ನಂಗೆ ಯಾರೂ ಹೇಳ್ಲಿಲ್ಲ" ಎಂದು ಅವರೇ ಹೇಳಿದ್ದರಿಂದ ಈ ಸಲ ನೋವಿನ ಮಾತ್ರೆಯ ಬಗ್ಗೆಯೇ ಬರೆಯುತ್ತಿದ್ದೇವೆ.

ಇದು ಯಾವ ಮಾತ್ರೆ?

ಅವರು ನುಂಗುತ್ತಿದ್ದ ಮಾತ್ರೆಯ ನಿಜವಾದ ಹೆಸರು ಡೈಕ್ಲೋಫೆನಾಕ್. ನಮ್ಮ ಕಡೆ ಹಲವರಿಗೆ ಇದು ವೋವೆರಾನ್ ಎಂಬ ಕಂಪೆನಿ ಹೆಸರಿನಿಂದ ಪರಿಚಯ. ಬೇರೆ ಕಂಪೆನಿಗಳು ಬೇರೆ ಬೇರೆ ಹೆಸರಿಟ್ಟು ಮಾರುತ್ತವೆ. ಮಾತ್ರೆ, ಇಂಜೆಕ್ಷನ್, ಹಚ್ಚುವ ಜೆಲ್, ಕಣ್ಣಿನ ಹನಿ ಹೀಗೆ ಹಲವು ರೂಪದಲ್ಲಿ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಔಷಧ ಕಂಪೆನಿಯೊಂದರ ವಿಜ್ಞಾನಿಗಳು 1960ರ ದಶಕದಲ್ಲಿ ಇದನ್ನು ತಯಾರಿಸಿದರು. 1970ರ ದಶಕದಿಂದ ಮಾರಾಟಕ್ಕೆ ಬಂದು ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಇದು ನೋವು ಮತ್ತು ಉರಿಯೂತ ಎರಡನ್ನೂ ತಗ್ಗಿಸುವ ಔಷಧಗಳ ಗುಂಪಿಗೆ ಸೇರಿದ್ದು. ಐಬುಪ್ರೊಫೆನ್, ಅಸಿಕ್ಲೋಫೆನಾಕ್, ನಿಮೆಸುಲೈಡ್, ನ್ಯಾಪ್ರೋಕ್ಸೆನ್, ಮುಟ್ಟಿನ ನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್, ಆಸ್ಪಿರಿನ್ ಇವೆಲ್ಲ ಇದರ ಅಕ್ಕತಂಗಿಯರಿದ್ದಂತೆ. ಪ್ಯಾರಸಿಟಮಾಲ್ ಮಾತ್ರ ಈ ಗುಂಪಿಗೆ ಸೇರಿದ್ದಲ್ಲ. ಅದು ಜ್ವರ, ನೋವು ಇಳಿಸುತ್ತದೆ, ಆದರೆ ಊತ ಇಳಿಸುವ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ.

ನೋವು ಹೇಗೆ ಹುಟ್ಟುತ್ತದೆ?

ಕತ್ತಿ ತಾಗಿದಾಗ, ಕಾಲು ಉಳುಕಿದಾಗ, ಮಂಡಿಯ ಮೂಳೆ ಸವೆದಾಗ ಆ ಜಾಗದ ಜೀವಕೋಶಗಳಿಗೆ ಪೆಟ್ಟಾಗುತ್ತದೆ. ಆಗ ಜೀವಕೋಶದ ಹೊರಪೊರೆಯಿಂದ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನ ಅಂಶ ಬಿಡುಗಡೆಯಾಗುತ್ತದೆ. ಅದನ್ನು ಸೈಕ್ಲೋಆಕ್ಸಿಜಿನೇಸ್, ಚಿಕ್ಕದಾಗಿ ಕಾಕ್ಸ್ ಎಂಬ ಕಿಣ್ವ ಬೇರೊಂದು ವಸ್ತುವಾಗಿ ಬದಲಾಯಿಸುತ್ತದೆ. ಹಾಲಿಗೆ ಹೆಪ್ಪು ಬಿದ್ದರೆ ಮೊಸರಾಗುವ ಹಾಗೆ ಎಂದು ತಿಳಿಯಿರಿ. ಹೀಗೆ ತಯಾರಾಗುವ ವಸ್ತುಗಳಿಗೆ ಪ್ರೊಸ್ಟಾಗ್ಲಾಂಡಿನ್ ಎಂದು ಹೆಸರು.

ಪೆಟ್ಟಾದ ಕಡೆ ರಕ್ತನಾಳ ಹಿಗ್ಗಿಸಿ ಕೆಂಪಗೆ ಬಿಸಿಯಾಗುವಂತೆ ಮಾಡುವುದರಲ್ಲಿ, ನೀರು ತುಂಬಿ ಊದುವಂತೆ ಮಾಡುವುದರಲ್ಲಿ, ನರದ ತುದಿಗಳು ಸಣ್ಣ ತಾಗುವಿಕೆಗೂ ಚುರ್ ಎನ್ನುವಂತೆ ಮಾಡುವುದರಲ್ಲಿ ಈ ಪ್ರೊಸ್ಟಾಗ್ಲಾಂಡಿನ್‌ಗಳ ಪಾತ್ರ ದೊಡ್ಡದು. ಮೆದುಳಿನಲ್ಲಿ ಅವು ಜ್ವರ ಏರಿಸುತ್ತವೆ. ಮುಟ್ಟಿನ ದಿನಗಳಲ್ಲಿ ಗರ್ಭಕೋಶವನ್ನು ಹಿಂಡಿ ಕಿಬ್ಬೊಟ್ಟೆ ನೋವು ತರುವುದೂ ಅವೇ.

ನೋವು ಬರುವುದು ನಮ್ಮನ್ನು ಕಾಡುವುದಕ್ಕಲ್ಲ. "ಇಲ್ಲಿ ಪೆಟ್ಟಾಗಿದೆ, ಸ್ವಲ್ಪ ಸುಮ್ಮನಿರು" ಎಂದು ಮೈ ಹೇಳುವ ಮಾತದು.

ಮಾತ್ರೆ ಮಾಡುವ ಕೆಲಸ

ಡೈಕ್ಲೋಫೆನಾಕ್ ನೇರವಾಗಿ ಮಂಡಿಗೆ ಹೋಗಿ ನೋವನ್ನು ಹಿಡಿದು ತೆಗೆಯುವುದಿಲ್ಲ. ಅದು ಮಾಡುವುದು ಒಂದೇ ಕೆಲಸ: ಕಾಕ್ಸ್ ಕಿಣ್ವವನ್ನು ತಡೆಯುತ್ತದೆ. ಹೆಪ್ಪೇ ಇಲ್ಲದಿದ್ದರೆ ಮೊಸರು ಎಲ್ಲಿಂದ? ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದು ಕಡಿಮೆಯಾಗುತ್ತದೆ, ಊತ ಇಳಿಯುತ್ತದೆ, ನೋವು ತಗ್ಗುತ್ತದೆ. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಗಳು ಹೀಗೆ ಕೆಲಸ ಮಾಡುತ್ತವೆ ಎಂದು 1971ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ವೇನ್. ಇದಕ್ಕಾಗಿ 1982ರಲ್ಲಿ ಅವರಿಗೆ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳ ಜೊತೆ ನೊಬೆಲ್ ಪ್ರಶಸ್ತಿ ಬಂತು.

ಮಾತ್ರೆಯ ದಾರಿ ಹೀಗಿದೆ. ಸಾಮಾನ್ಯ ಡೈಕ್ಲೋಫೆನಾಕ್ ಮಾತ್ರೆಯ ಮೇಲೆ ಹೊಟ್ಟೆಯ ಆಮ್ಲಕ್ಕೆ ಕರಗದ ಲೇಪ ಇರುತ್ತದೆ. ಅದು ಸಣ್ಣಕರುಳಿಗೆ ಹೋಗಿ ಕರಗುತ್ತದೆ. ಅಲ್ಲಿಂದ ರಕ್ತಕ್ಕೆ ಸೇರಿ ಮೊದಲು ಯಕೃತ್ತಿಗೆ, ಅಂದರೆ ಲಿವರ್‌ಗೆ ಹೋಗುತ್ತದೆ. ಅಲ್ಲೇ ಸುಮಾರು ಅರ್ಧ ಔಷಧ ಒಡೆದುಹೋಗುತ್ತದೆ. ಉಳಿದರ್ಧ ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ರಕ್ತದಲ್ಲಿರುವ ಔಷಧ ಒಂದೆರಡು ಗಂಟೆಗಳಲ್ಲೇ ಅರ್ಧಕ್ಕೆ ಇಳಿದರೂ ಕೀಲಿನೊಳಗಿನ ನೀರಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಮಂಡಿನೋವಿಗೆ ಇದು ಚೆನ್ನಾಗಿ ಹಿಡಿಯುವುದಕ್ಕೆ ಅದೂ ಒಂದು ಕಾರಣ. ಕೆಲಸ ಮುಗಿದ ಮೇಲೆ ಹೆಚ್ಚಿನ ಪಾಲು ಮೂತ್ರದಲ್ಲಿ, ಉಳಿದದ್ದು ಪಿತ್ತರಸದ ಮೂಲಕ ಮಲದಲ್ಲಿ ಹೊರಗೆ ಹೋಗುತ್ತದೆ.

ಒಂದು ಮಾತು ನೆನಪಿರಲಿ. ಮಂಡಿಯ ಮೂಳೆ ಸವೆದಿದ್ದರೆ ಈ ಮಾತ್ರೆ ಅದನ್ನು ಸರಿ ಮಾಡುವುದಿಲ್ಲ. ನೋವನ್ನು ಕೆಲವು ಗಂಟೆ ಮರೆಸುತ್ತದೆ, ಅಷ್ಟೇ. ಮಾತ್ರೆ ನುಂಗಿ ನೋವು ಗೊತ್ತಾಗದೆ ಇನ್ನಷ್ಟು ಹೊರೆ ಹೊತ್ತರೆ ಸವೆತ ಇನ್ನೂ ಹೆಚ್ಚಾಗಬಹುದು.

ಹಾಗಾದರೆ ತೊಂದರೆ ಎಲ್ಲಿ?

ಪ್ರೊಸ್ಟಾಗ್ಲಾಂಡಿನ್ ನೋವು ಮಾತ್ರ ತರುವುದಾಗಿದ್ದರೆ ಚಿಂತೆ ಇರಲಿಲ್ಲ. ಅದೇ ವಸ್ತು ಮೈಯ ಬೇರೆ ಕಡೆ ನಮ್ಮನ್ನು ಕಾಯುತ್ತಿರುತ್ತದೆ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಎಂದು ಗೊತ್ತಾಗುವುದಿಲ್ಲ. ಗದ್ದೆಗೆ ನೀರು ಹೆಚ್ಚಾಯಿತು ಎಂದು ಮೇಲಿನ ಗೇಟ್‌ವಾಲ್ವ್ ಮುಚ್ಚಿದರೆ ಏನಾಗುತ್ತದೆ? ಕೆಳಗಿನ ಮನೆಯ ನಲ್ಲಿಯಲ್ಲೂ ನೀರು ನಿಲ್ಲುತ್ತದೆ. ಇದೂ ಹಾಗೆಯೇ.

ಹೊಟ್ಟೆ: ನಮ್ಮ ಹೊಟ್ಟೆಯಲ್ಲಿ ಆಹಾರ ಅರಗಿಸಲು ಬಲವಾದ ಆಮ್ಲ ಇದೆ. ಅದು ಹೊಟ್ಟೆಯ ಗೋಡೆಯನ್ನೇ ಸುಡದಂತೆ ಲೋಳೆಯ ಪದರವೊಂದು ಕಾಯುತ್ತದೆ. ಆ ಲೋಳೆ ತಯಾರಾಗುವುದಕ್ಕೂ ಗೋಡೆಗೆ ರಕ್ತ ಸರಿಯಾಗಿ ಹರಿಯುವುದಕ್ಕೂ ಪ್ರೊಸ್ಟಾಗ್ಲಾಂಡಿನ್ ಬೇಕು. ಮಾತ್ರೆ ಅದನ್ನು ತಡೆದಾಗ ಪದರ ತೆಳುವಾಗಿ ಹುಣ್ಣಾಗುತ್ತದೆ. ಕೆಲವರಿಗೆ ಎದೆ ಉರಿ, ಹೊಟ್ಟೆನೋವು ಬರುತ್ತದೆ. ಕೆಲವರಿಗೆ ಏನೂ ಗೊತ್ತಾಗದೆ ನೇರವಾಗಿ ರಕ್ತಸ್ರಾವವೇ ಆಗುತ್ತದೆ.

ಮೂತ್ರಪಿಂಡ: ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ, ಅಂದರೆ ಕಿಡ್ನಿಗೆ ರಕ್ತ ಸಾಕಷ್ಟು ಹರಿಯುವಂತೆ ನೋಡಿಕೊಳ್ಳುವುದರಲ್ಲಿ ಪ್ರೊಸ್ಟಾಗ್ಲಾಂಡಿನ್‌ಗೆ ಮುಖ್ಯ ಪಾಲಿದೆ. ಇಡೀ ದಿನ ಬಿಸಿಲಲ್ಲಿ ದುಡಿದು, ನೀರು ಸರಿಯಾಗಿ ಕುಡಿಯದೆ, ಸಂಜೆ ಮನೆಗೆ ಬಂದು ಈ ಮಾತ್ರೆ ನುಂಗುವುದು ಕಿಡ್ನಿಗೆ ದೊಡ್ಡ ಪೆಟ್ಟು. ವಾಂತಿ, ಭೇದಿ ಇರುವಾಗ ನುಂಗುವುದೂ ಅಷ್ಟೇ ಅಪಾಯ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆಯೂ ಜೊತೆಗಿರುವವರು, ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಈ ಮಾತ್ರೆಯಿಂದ ಮೈಯಲ್ಲಿ ಉಪ್ಪು, ನೀರು ನಿಂತು ಬಿ.ಪಿ. ಏರುತ್ತದೆ, ಕಾಲು ಊದುತ್ತದೆ.

ಹೃದಯ: ಡೈಕ್ಲೋಫೆನಾಕ್ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ತೆಗೆದುಕೊಂಡರೆ ಹೃದಯಾಘಾತ ಮತ್ತು ಲಕ್ವದ ಅಪಾಯ ಹೆಚ್ಚುತ್ತದೆ. ಹೃದಯದ ತೊಂದರೆ ಇರುವವರಿಗೆ, ಲಕ್ವ ಹೊಡೆದವರಿಗೆ ಇದನ್ನು ಕೊಡಬಾರದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಎಚ್ಚರಿಕೆ ನೀಡಿತು.

ಬಸುರಿಯರು: ಹೊಟ್ಟೆಯೊಳಗಿನ ಮಗುವಿನ ಹೃದಯದ ಹತ್ತಿರ ಒಂದು ರಕ್ತನಾಳ ಹುಟ್ಟುವ ತನಕ ತೆರೆದೇ ಇರಬೇಕು. ಅದನ್ನು ತೆರೆದಿಡುವುದರಲ್ಲಿ ಪ್ರೊಸ್ಟಾಗ್ಲಾಂಡಿನ್‌ಗೆ ಪಾಲಿದೆ. ಕೊನೆಯ ತಿಂಗಳುಗಳಲ್ಲಿ ತಾಯಿ ಈ ಮಾತ್ರೆ ನುಂಗಿದರೆ ಆ ನಾಳ ಮೊದಲೇ ಮುಚ್ಚಿಕೊಳ್ಳಬಹುದು. ಮಗುವಿನ ಕಿಡ್ನಿಗೂ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು. 20 ವಾರ ತುಂಬಿದ ಮೇಲೆ, ಅಂದರೆ ಐದನೇ ತಿಂಗಳಿನಿಂದ, ಈ ಗುಂಪಿನ ಮಾತ್ರೆ ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ತಿಳಿಸಿತು. ನಮ್ಮ ಸಲಹೆ ಇನ್ನೂ ಸರಳ: ಬಸುರಿ ಎಂದು ಗೊತ್ತಾದ ದಿನದಿಂದ ಡಾಕ್ಟರನ್ನು ಕೇಳದೆ ಯಾವ ನೋವಿನ ಮಾತ್ರೆಯೂ ಬೇಡ.

ಇಷ್ಟು ಓದಿ ಹೆದರಬೇಡಿ. ಕಿಡ್ನಿ ಕಲ್ಲಿನ ನೋವಿಗೆ, ಮೂಳೆ ಮುರಿದಾಗ, ಆಪರೇಷನ್ ಆದ ಮೇಲೆ ಇದು ಬಹಳ ಉಪಕಾರಿ. ಡಾಕ್ಟರು ನೋಡಿ, ಕೆಲವೇ ದಿನಕ್ಕೆ ಕೊಟ್ಟಾಗ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ನಾವೇ ಡಾಕ್ಟರಾಗಿ ತಿಂಗಳುಗಟ್ಟಲೆ ನುಂಗುವುದರಿಂದಲೇ ಅಪಾಯ ಹೆಚ್ಚುತ್ತದೆ.

ನಮ್ಮಲ್ಲಿರುವ ಕೆಲವು ತಪ್ಪು ತಿಳುವಳಿಕೆ

"ಇಂಜೆಕ್ಷನ್ ತಗೊಂಡ್ರೆ ಹೊಟ್ಟೆಗೆ ಏನೂ ಆಗಲ್ಲ." ಇದು ತಪ್ಪು. ಔಷಧ ಹೊಟ್ಟೆಯ ಗೋಡೆಗೆ ಹಾನಿ ಮಾಡುವುದು ಮುಖ್ಯವಾಗಿ ರಕ್ತದ ಮೂಲಕ. ಸೊಂಟಕ್ಕೆ ಚುಚ್ಚಿದರೂ ಅದು ರಕ್ತಕ್ಕೇ ಸೇರುತ್ತದೆ. ಮೇಲಾಗಿ ಚುಚ್ಚಿದ ಜಾಗ ಕೀವಾಗುವ ಅಪಾಯವೂ ಇದೆ. ಡಾಕ್ಟರು ಬೇಡ ಎಂದರೂ "ಒಂದು ಸೂಜಿ ಹಾಕಿ ಬಿಡಿ" ಎಂದು ನಾವೇ ಒತ್ತಾಯ ಮಾಡುವುದನ್ನು ಬಿಡೋಣ.

"ಗ್ಯಾಸಿನ ಮಾತ್ರೆ ಜೊತೆಗೆ ತಗೊಂಡ್ರೆ ಎಷ್ಟು ದಿನ ಬೇಕಾದ್ರೂ ನುಂಗಬಹುದು." ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳು ಹೊಟ್ಟೆಯ ಹುಣ್ಣಿನ ಅಪಾಯವನ್ನು ಕಡಿಮೆ ಮಾಡುತ್ತವೆ, ನಿಜ. ಆದರೆ ಕಿಡ್ನಿಯನ್ನೂ ಹೃದಯವನ್ನೂ ಅವು ಕಾಯುವುದಿಲ್ಲ.

"ಮಾತ್ರೆ ದೊಡ್ಡದು, ಅರ್ಧ ಮುರಿದು ತಿಂತೀನಿ." ಲೇಪ ಇರುವ ಮಾತ್ರೆಯನ್ನೂ, ನಿಧಾನವಾಗಿ ಕರಗುವ 100 ಮಿಲಿಗ್ರಾಂ ಮಾತ್ರೆಯನ್ನೂ ಮುರಿಯಬಾರದು, ಅಗಿಯಬಾರದು. ಮುರಿದರೆ ಲೇಪ ಹೋಗುತ್ತದೆ. ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ.

"ಒಂದು ತಗೊಂಡ್ರೆ ಹೋಗ್ಲಿಲ್ಲ, ಎರಡು ತಗೊಂಡ್ರೆ ಹೋಗುತ್ತೆ." ದೊಡ್ಡವರಿಗೆ ಇಡೀ ದಿನಕ್ಕೆ 150 ಮಿಲಿಗ್ರಾಂ ಕೊನೆಯ ಮಿತಿ. ಅಂದರೆ 50ರ ಮಾತ್ರೆ ಮೂರು. ಅದನ್ನು ಮೀರಿದರೆ ನೋವು ಅಷ್ಟೇನೂ ಹೆಚ್ಚು ಇಳಿಯುವುದಿಲ್ಲ, ಹಾನಿ ಮಾತ್ರ ಹೆಚ್ಚುತ್ತದೆ. ಮೂರು ಎನ್ನುವುದು ಮಿತಿಯೇ ಹೊರತು ಎಲ್ಲರಿಗೂ ಬೇಕಾದ ಲೆಕ್ಕವಲ್ಲ.

"ಜ್ವರಕ್ಕೂ ಇದೇ ಮಾತ್ರೆ ಸಾಕು." ಡೆಂಗಿ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾಗುತ್ತವೆ. ಈ ಗುಂಪಿನ ಮಾತ್ರೆಗಳು ಪ್ಲೇಟ್‌ಲೆಟ್ ಕೆಲಸವನ್ನೂ ಕೆಡಿಸುತ್ತವೆ, ಹೊಟ್ಟೆಯನ್ನೂ ಕೆರಳಿಸುತ್ತವೆ. ಎರಡೂ ಸೇರಿದರೆ ರಕ್ತಸ್ರಾವ. 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕೂನ್‌ಗುನ್ಯಾ ಹರಡಿದಾಗ ಕೀಲುನೋವು ತಡೆಯಲಾರದೆ ಕಂಡ ಕಂಡ ಮಾತ್ರೆ ನುಂಗಿದ ನೆನಪು ಹಲವರಿಗೆ ಇರಬಹುದು. ಚಿಕೂನ್‌ಗುನ್ಯಾವೂ ಡೆಂಗಿಯೂ ಮೊದಲ ದಿನಗಳಲ್ಲಿ ಒಂದೇ ಥರ ಕಾಣುತ್ತವೆ. ರಕ್ತಪರೀಕ್ಷೆಯಲ್ಲಿ ಡೆಂಗಿ ಅಲ್ಲವೆಂದು ಗೊತ್ತಾಗುವ ತನಕ ಪ್ಯಾರಸಿಟಮಾಲ್ ಮಾತ್ರ.

ಒಂದೇ ಔಷಧ, ಹಲವು ಹೆಸರು

ನಮ್ಮ ಸದಸ್ಯೆಗೆ ಪಕ್ಕದ ಮನೆಯವರು ಕೊಟ್ಟಿದ್ದು ಅಸಿಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿಸಿದ ಮಾತ್ರೆ. ಹೆಸರು ಬೇರೆ, ಬಣ್ಣ ಬೇರೆ, ಕಂಪೆನಿ ಬೇರೆ. ಆದರೆ ಅಸಿಕ್ಲೋಫೆನಾಕ್ ಡೈಕ್ಲೋಫೆನಾಕ್‌ನ ಒಡಹುಟ್ಟು. ಮೈಯೊಳಗೆ ಅದರ ಒಂದು ಪಾಲು ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಅಂದರೆ ಅವರು ಒಂದೇ ಬಗೆಯ ಔಷಧವನ್ನು ಎರಡು ಬಾಗಿಲಿನಿಂದ ಒಳಗೆ ಕಳಿಸುತ್ತಿದ್ದರು.

ಆದ್ದರಿಂದ ಬಣ್ಣ ನೋಡಿ ಮಾತ್ರೆ ಗುರುತಿಸಬೇಡಿ. ಪಟ್ಟಿಯ ಹಿಂಬದಿಯಲ್ಲಿ ದೊಡ್ಡಕ್ಷರದ ಕಂಪೆನಿ ಹೆಸರಿನ ಜೊತೆ ಔಷಧದ ನಿಜವಾದ ಹೆಸರನ್ನೂ ಇಂಗ್ಲಿಷಿನಲ್ಲಿ ಅಚ್ಚು ಮಾಡಿರುತ್ತಾರೆ. ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಕೊಟ್ಟು ಓದಿಸಿ. ಡಿ, ಐ, ಸಿ, ಎಲ್, ಓ ಎಂದು ಶುರುವಾದರೆ ಅದು ಡೈಕ್ಲೋಫೆನಾಕ್. ಎ, ಸಿ, ಇ, ಸಿ, ಎಲ್, ಓ ಎಂದಿದ್ದರೆ ಅಸಿಕ್ಲೋಫೆನಾಕ್. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು. ಪ್ಯಾರಸಿಟಮಾಲ್ ಬೆರೆತಿದೆಯೋ ಎಂದೂ ನೋಡಿ. ಬೆರೆತಿದ್ದರೆ ಜ್ವರಕ್ಕೆಂದು ಬೇರೆ ಪ್ಯಾರಸಿಟಮಾಲ್ ನುಂಗುವಾಗ ಲೆಕ್ಕ ತಪ್ಪುತ್ತದೆ. ಅದೂ ಮಿತಿ ಮೀರಿದರೆ ಲಿವರ್‌ಗೆ ಹಾನಿ.

ಡೈಕ್ಲೋಫೆನಾಕ್ ಮಾತ್ರೆ, ಇಂಜೆಕ್ಷನ್ ನಮ್ಮ ದೇಶದ ಕಾನೂನಿನ ಪ್ರಕಾರ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧ. ಅಂಗಡಿಯವರು ಕೇಳದೆ ಕೊಟ್ಟರು ಎಂದರೆ ಅದು ಅಪಾಯವಿಲ್ಲದ್ದು ಎಂದರ್ಥವಲ್ಲ.

ಡಾಕ್ಟರಿಗೆ ಮೊದಲೇ ಹೇಳಬೇಕಾದವರು

ಈ ಕೆಳಗಿನವರು ತಾವಾಗಿ ಈ ಮಾತ್ರೆ ತೆಗೆದುಕೊಳ್ಳಲೇಬಾರದು. ಡಾಕ್ಟರು ಬರೆಯುವಾಗಲೂ ಬಾಯಿಬಿಟ್ಟು ಹೇಳಬೇಕು:

1. ಹಿಂದೆ ಹೊಟ್ಟೆಹುಣ್ಣು, ರಕ್ತವಾಂತಿ ಆಗಿದ್ದವರು
2. ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು
3. ಹೃದಯದ ಕಾಯಿಲೆ, ಲಕ್ವ, ಬಿ.ಪಿ. ಇರುವವರು
4. ಉಬ್ಬಸ ಇರುವವರು (ಕೆಲವರಿಗೆ ಈ ಗುಂಪಿನ ಮಾತ್ರೆ ನುಂಗಿದರೆ ಉಬ್ಬಸ ಕೆರಳುತ್ತದೆ)
5. ಬಸುರಿಯರು, ಹಾಲೂಡಿಸುವ ತಾಯಂದಿರು
6. ರಕ್ತ ತೆಳುವಾಗಿಸುವ ಮಾತ್ರೆ, ಹೃದಯಕ್ಕೆಂದು ಆಸ್ಪಿರಿನ್, ಅಥವಾ ಸ್ಟಿರಾಯ್ಡ್ ತೆಗೆದುಕೊಳ್ಳುವವರು (ಆ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ)
7. ಅರವತ್ತೈದು ದಾಟಿದವರು
8. ಮದ್ಯಪಾನದ ಅಭ್ಯಾಸ ಇರುವವರು (ಮನೆಯ ಗಂಡಸರಿಗೂ ಇದನ್ನು ತಿಳಿಸಿ)

ಮಕ್ಕಳಿಗೆ ದೊಡ್ಡವರ ಮಾತ್ರೆ ತುಂಡು ಮಾಡಿ ಕೊಡಬೇಡಿ. ಇದೇ ಗುಂಪಿನ ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ಸರ್ಕಾರ 2011ರಲ್ಲೇ ನಿಷೇಧಿಸಿದೆ.

ಹಟ್ಟಿಯ ದನಕ್ಕೂ ಇದೇ ಔಷಧ ಬೇಡ

ನಮ್ಮ ಸಂಘಗಳಲ್ಲಿ ಹಸು ಸಾಲ ಪಡೆದವರು ಬಹಳ ಜನ. ಅವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಹಿಂದೆ ದನಗಳ ಕೆಚ್ಚಲು ಬಾವಿಗೆ, ಕುಂಟುವಿಕೆಗೆ ಡೈಕ್ಲೋಫೆನಾಕ್ ಚುಚ್ಚುತ್ತಿದ್ದರು. ಆ ದನ ಸತ್ತರೆ ಹೆಣವನ್ನು ರಣಹದ್ದುಗಳು ತಿನ್ನುತ್ತಿದ್ದವು. ಮಾಂಸದಲ್ಲಿ ಉಳಿದ ಸ್ವಲ್ಪವೇ ಔಷಧ ಸಾಕಿತ್ತು, ಅವುಗಳ ಕಿಡ್ನಿ ನಿಂತುಹೋಗಿ ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. 1990ರ ದಶಕದಿಂದ ನಮ್ಮ ದೇಶದ ರಣಹದ್ದುಗಳು ನೆಲಕಚ್ಚಿದವು. ಬಿಳಿ ಬೆನ್ನಿನ ರಣಹದ್ದು ಎಂಬ ಜಾತಿಯಲ್ಲಿ ನೂರಕ್ಕೆ ಒಂದೂ ಉಳಿಯಲಿಲ್ಲ. ಕಾರಣ ಈ ಔಷಧವೇ ಎಂದು 2004ರಲ್ಲಿ ಖಚಿತವಾಯಿತು.

2006ರಲ್ಲಿ ಭಾರತ ಸರ್ಕಾರ ದನಕರುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು ನಿಷೇಧಿಸಿತು. ಆದರೂ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಯನ್ನು ದನಕ್ಕೆ ಚುಚ್ಚುವುದು ನಿಲ್ಲಲಿಲ್ಲ. ಅದಕ್ಕೇ 2015ರಿಂದ ಮನುಷ್ಯರ ಇಂಜೆಕ್ಷನ್ ಒಂದು ಸಲಕ್ಕೆ ಸಾಕಾಗುವ 3 ಮಿಲಿಲೀಟರಿನ ಸಣ್ಣ ಪ್ಯಾಕಿನಲ್ಲೇ ಬರುತ್ತದೆ. 2023ರಲ್ಲಿ ಅಸಿಕ್ಲೋಫೆನಾಕ್, ಕೀಟೋಪ್ರೊಫೆನ್‌ಗಳನ್ನೂ ದನಗಳಿಗೆ ನಿಷೇಧಿಸಲಾಯಿತು. ನಮ್ಮ ರಾಜ್ಯದಲ್ಲಿ ಉಳಿದ ರಣಹದ್ದುಗಳ ರಕ್ಷಣೆಗೆ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಗಿದೆ.

ಹಸುವಿಗೆ ನೋವಿದ್ದರೆ ಪಶುವೈದ್ಯರನ್ನು ಕರೆಯಿರಿ. ರಣಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕಾಮ್ ಎಂಬ ಔಷಧ ಇದೆ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಇಂಜೆಕ್ಷನ್ ತಂದು ಚುಚ್ಚಿಸಬೇಡಿ. ಹಕ್ಕಿಯ ಕಿಡ್ನಿ ನಮ್ಮದಕ್ಕಿಂತ ಸೂಕ್ಷ್ಮ ನಿಜ. ಆದರೂ ಹಕ್ಕಿಗೆ ಆದದ್ದು ನಮಗೂ ಒಂದು ಎಚ್ಚರಿಕೆಯೇ.

ಹಾಗಾದರೆ ನೋವಿಗೆ ಏನು ಮಾಡೋಣ?

"ಎಲ್ಲ ಬೇಡ ಅಂದ್ರೆ ನೋವು ತಿಂತಾ ಕೂರ್ಬೇಕಾ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದುಡಿದರೆ ಕೂಲಿ, ಕೂತರೆ ಇಲ್ಲ ಎನ್ನುವವರಿಗೆ ನೋವು ಬರೀ ಮೈಯ ವಿಷಯವಲ್ಲ, ಹೊಟ್ಟೆಪಾಡಿನ ವಿಷಯ.

ಮೊದಲು, ಯಾಕೆ ನೋವು ಎಂದು ಒಮ್ಮೆ ಸರಿಯಾಗಿ ತೋರಿಸಿ. ಮೂಳೆ ಸವೆತವೋ, ಸಂಧಿವಾತವೋ, ಬೇರೇನಾದರೂ ಇದೆಯೋ ಎಂದು ಗೊತ್ತಾಗಬೇಕು. ಎರಡೂ ಕೈಬೆರಳಿನ ಗೆಣ್ಣು ಊದಿಕೊಂಡು, ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆ ಮೀರಿ ಬಿಗಿಯಾಗಿ ಇದ್ದರೆ ಅದು ಸಂಧಿವಾತ ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ನೋವಿನ ಮಾತ್ರೆಯಲ್ಲೇ ಕಾಲ ಕಳೆದರೆ ಕೀಲು ಹಾಳಾಗುತ್ತದೆ.

ಮೂಳೆ ಸವೆತದ ಮಂಡಿನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಒಳ್ಳೆಯ ದಾರಿ. ಒಂದು ಮಂಡಿಗೆ ಹೇಳಿದ ಅಳತೆಯಲ್ಲಿ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆಯ ನೂರರಲ್ಲಿ ಸುಮಾರು ಆರು ಪಾಲು ಮಾತ್ರ. ಆದ್ದರಿಂದ ಹೊಟ್ಟೆ, ಕಿಡ್ನಿಗೆ ಅಪಾಯ ಬಹಳ ಕಡಿಮೆ. ಗಾಯವಾದ ಚರ್ಮಕ್ಕೆ ಹಚ್ಚಬೇಡಿ. ಹಚ್ಚಿದ ಮೇಲೆ ಕೈ ತೊಳೆಯಿರಿ. ಜೆಲ್ ಹಚ್ಚುವಾಗ ಮಾತ್ರೆ ಬೇಡ. ಬಸುರಿಯರು ಇದನ್ನೂ ಕೇಳಿಯೇ ಹಚ್ಚಬೇಕು.

ವ್ಯಾಯಾಮದಿಂದಲೂ ನೋವು ಇಳಿಯುತ್ತದೆ. ಮಂಡಿಯ ಹೊರೆಯನ್ನು ತೊಡೆಯ ಮುಂಭಾಗದ ಸ್ನಾಯು ಹೊರುತ್ತದೆ. ಅದು ಬಲವಾದರೆ ಮಂಡಿಗೆ ಹಗುರ. ಬೆನ್ನ ಮೇಲೆ ಮಲಗಿ, ಒಂದು ಕಾಲು ಮಡಿಸಿ, ಇನ್ನೊಂದು ಕಾಲನ್ನು ನೇರವಾಗಿಟ್ಟು ಒಂದು ಗೇಣು ಮೇಲೆತ್ತಿ, ಐದು ಎಣಿಸಿ ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಒಂದೆರಡು ತಿಂಗಳು ಬಿಡದೆ ಮಾಡಿದರೆ ಮಾತ್ರ ಫಲ. ಮೈಭಾರ ಹೆಚ್ಚಿದ್ದವರು ನಾಲ್ಕೈದು ಕಿಲೋ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಕೆಲಸದ ರೀತಿಯನ್ನೂ ಸ್ವಲ್ಪ ಬದಲಿಸೋಣ. ಅಡಿಕೆ ಸುಲಿಯುವಾಗ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವ ಬದಲು ಸ್ವಲ್ಪ ಎತ್ತರದ ಸ್ಟೂಲು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ನಾಟಿಯ ದಿನ ಜೊತೆಗೊಂದು ನೀರಿನ ಬಾಟಲಿ. ಬಿಸಿನೀರಿನ ಶಾಖವೂ ಹಿತ ಕೊಡುತ್ತದೆ.

ಇಷ್ಟಾದರೂ ಮಾತ್ರೆ ಬೇಕೇ ಬೇಕು ಎಂದಾದರೆ ಡಾಕ್ಟರು ಹೇಳಿದಷ್ಟೇ, ಹೇಳಿದಷ್ಟೇ ದಿನ. ಬರೀ ಕಾಫಿಯ ಜೊತೆ ಬೇಡ, ಊಟ ಅಥವಾ ತಿಂಡಿ ಆದ ಮೇಲೆ, ಒಂದು ದೊಡ್ಡ ಲೋಟ ನೀರಿನ ಜೊತೆ. ತಿಂಗಳುಗಟ್ಟಲೆ ಬೇಕಾದವರಿಗೆ ಬಿ.ಪಿ., ಹಿಮೋಗ್ಲೋಬಿನ್, ಕಿಡ್ನಿಯ ರಕ್ತಪರೀಕ್ಷೆ ಆಗಾಗ ಆಗಬೇಕು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋಗುವುದು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಆದರೆ ನೋವಿನ ಮಾತ್ರೆಯನ್ನೂ ತಗೊಳ್ಳುತ್ತಿದ್ದರೆ "ಅದೇ ಇರ್ಬೇಕು" ಎಂದು ನಾವೇ ತೀರ್ಮಾನಿಸುವುದು ಬೇಡ.
• ರಕ್ತವಾಂತಿ, ಅಥವಾ ಕಾಫಿಪುಡಿಯಂತಹ ವಾಂತಿ
• ಮೂತ್ರ ಕಡಿಮೆಯಾಗುವುದು, ಮುಖ, ಕಾಲು ಊದುವುದು
• ಎದೆನೋವು, ಉಸಿರು ಕಟ್ಟುವುದು, ಒಂದು ಬದಿ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು
• ಮೈಯೆಲ್ಲ ದದ್ದು, ಬಾಯಿಹುಣ್ಣು, ಕಣ್ಣು ಹಳದಿಯಾಗುವುದು

ಹೋಗುವಾಗ ಮಾತ್ರೆಯ ಪಟ್ಟಿಯನ್ನು ಮರೆಯದೆ ಒಯ್ಯಿರಿ.

ಮುಂದಿನ ಸಭೆಯಲ್ಲಿ

ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ಮನೆಯಲ್ಲಿರುವ ನೋವಿನ ಮಾತ್ರೆಗಳ ಪಟ್ಟಿಗಳನ್ನು ತನ್ನಿ. ಓದು ಬರುವ ಸದಸ್ಯೆ ಒಂದೊಂದರ ನಿಜವಾದ ಹೆಸರು ಓದಿ ಹೇಳಲಿ. ಎಷ್ಟು ಮಾತ್ರೆ ಒಂದೇ ಗುಂಪಿನವು ಎಂದು ಲೆಕ್ಕ ಹಾಕಿ. ಅವಧಿ ಮುಗಿದವುಗಳನ್ನು ಬೇರೆ ಇಡಿ. ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸನ್ನೋ ಅಂದು ಕರೆದರೆ ಇನ್ನೂ ಒಳ್ಳೆಯದು. ನಂತರ ಈ ಮೂರು ಪ್ರಶ್ನೆ ಮಾತಾಡಿ:

1. ನಮ್ಮಲ್ಲಿ ಯಾರು ಒಂದು ವಾರಕ್ಕಿಂತ ಹೆಚ್ಚು ದಿನದಿಂದ ನೋವಿನ ಮಾತ್ರೆ ನುಂಗುತ್ತಿದ್ದಾರೆ? ಅವರಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ ಯಾರಿಗಿದೆ?
2. ಅವರನ್ನು ಡಾಕ್ಟರ ಹತ್ತಿರ ಯಾವಾಗ, ಯಾರ ಜೊತೆ ಕಳಿಸೋಣ?
3. ಮಂಡಿಯ ವ್ಯಾಯಾಮವನ್ನು ಸಭೆ ಶುರುವಾಗುವ ಮೊದಲು ಐದು ನಿಮಿಷ ಎಲ್ಲರೂ ಸೇರಿ ಮಾಡಬಹುದೇ?

ಅಡಿಕೆ ಅಂಗಳದಲ್ಲಿ ಬಿದ್ದ ನಮ್ಮ ಸದಸ್ಯೆ ಈಗ ಜೆಲ್ ಹಚ್ಚುತ್ತಾರೆ, ದಿನಾ ಕಾಲೆತ್ತುವ ವ್ಯಾಯಾಮ ಮಾಡುತ್ತಾರೆ, ಎತ್ತರದ ಸ್ಟೂಲಿನಲ್ಲಿ ಕೂತು ಅಡಿಕೆ ಸುಲಿಯುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಸಾಲದ ಕಂತು ಇನ್ನೂ ಕಟ್ಟುತ್ತಿದ್ದಾರೆ. ಮೊನ್ನೆ ಸಭೆಯಲ್ಲಿ ಒಬ್ಬರು ಮಾತ್ರೆ ಕೇಳಿದಾಗ ಎಲ್ಲರಿಗಿಂತ ಮೊದಲು ಅವರೇ ಹೇಳಿದರು: "ಹೆಸರು ಗೊತ್ತಿಲ್ದೆ ಇದ್ರೆ ಕೊಡ್ಬೇಡಿ, ತಗೋಬೇಡಿ."

ಈ ಮಾತನ್ನು ನಮ್ಮ ಎಲ್ಲ ಸಂಘಗಳಲ್ಲೂ ಒಂದು ನಿಯಮವಾಗಿ ಬರೆದುಕೊಳ್ಳೋಣ.